ಸಿಲೆನ್ಸರ್ ಸುಟ್ಟ ಮೂಲೆಯಲ್ಲಿ ತರಕಾರಿ ಬೆಳೆಯುವ ಮೊದಲು

ಕುಂಬಳೆಯ ಸಮೀಪ, ಆಗ ರಾಷ್ಟ್ರೀಯ ಹೆದ್ದಾರಿ 17 ಎನಿಸಿಕೊಂಡಿದ್ದ ರಸ್ತೆಯ ಬದಿಯಲ್ಲಿ ನಾನು ಮೂರು ದಶಕಗಳಿಗೂ ಹೆಚ್ಚು ಕಾಲ ಗ್ಯಾರೇಜು ನಡೆಸಿದ್ದೆ. ಮೊಣಕಾಲು ನೋವಿನಿಂದ ಅದನ್ನು ಮುಚ್ಚಿದ ಮೇಲೆ, ಹಿತ್ತಿಲಲ್ಲಿ ಉಳಿದ ಏಳೆಂಟು ಸೆಂಟ್ಸ್ ಜಾಗದಲ್ಲಿ ಹರಿವೆ, ಬಸಳೆ ಬೆಳೆಯೋಣವೆಂದು ಹಾರೆ ಹಿಡಿದೆ. ಮೂಲೆಯಲ್ಲಿ ಕೆಂಪು ಮಣ್ಣಿನ ನಡುವೆ ಬೂದುಬಣ್ಣದ ಪದರವೊಂದು ಕಂಡಾಗ ಕೆಲಸ ಅಲ್ಲಿಗೇ ನಿಂತಿತು. ಅದು ನಾನೇ ಸಿಲೆನ್ಸರುಗಳನ್ನು ಸುಟ್ಟ ಜಾಗವಾಗಿತ್ತು.

ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಉರಿಸುವ ಟು-ಸ್ಟ್ರೋಕ್ ಸ್ಕೂಟರುಗಳ ಸಿಲೆನ್ಸರು ಮಸಿ ಕಟ್ಟಿ ಎಂಜಿನ್ನಿನ ಉಸಿರು ಕಟ್ಟಿದಾಗ, ಅದನ್ನು ಬಿಚ್ಚಿ ಬೆಂಕಿಯಲ್ಲಿ ಕಾಯಿಸಿ, ತಟ್ಟಿ ಉದುರಿಸುವುದು ಆಗಿನ ರೂಢಿ. ಆ ಮಸಿ ಬರಿಯ ಎಣ್ಣೆಯದಾಗಿರಲಿಲ್ಲ. ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಉರಿದು ಎಂಜಿನ್ ಟಕಟಕ ಬಡಿಯುವುದನ್ನು ತಡೆಯಲು ಟೆಟ್ರಾಈಥೈಲ್ ಸೀಸ ಎಂಬ ಸೀಸದ ಸಂಯುಕ್ತ ಉಪಯುಕ್ತವೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಕಂಡುಕೊಂಡ ಮೇಲೆ ಪೆಟ್ರೋಲಿಗೆ ಸೀಸ ಸೇರತೊಡಗಿತು. ಅದು ಎಂಜಿನ್ನಿನಲ್ಲೇ ಕೂತುಬಿಡದಂತೆ ಬ್ರೋಮಿನ್ ಮತ್ತು ಕ್ಲೋರಿನ್ ಸಂಯುಕ್ತಗಳನ್ನೂ ಬೆರೆಸುತ್ತಿದ್ದುದರಿಂದ ಹೆಚ್ಚಿನ ಪಾಲು ಸಣ್ಣ ಧೂಳಾಗಿ ಹೊಗೆಯೊಂದಿಗೆ ರಸ್ತೆಗೆ ಬೀಳುತ್ತಿತ್ತು, ಉಳಿದದ್ದು ಕಿಡಿ ಹೊತ್ತಿಸುವ ಪ್ಲಗ್ಗಿನಲ್ಲೂ ಸಿಲೆನ್ಸರಿನಲ್ಲೂ ಅಂಟಿಕೊಳ್ಳುತ್ತಿತ್ತು. ಆ ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಾಯಿಂದ ಊದಿ ಸ್ವಚ್ಛಗೊಳಿಸಿದವರು ನಾವು. ಸಂಜೆ ಗ್ರೀಸು ಹೋಗಲೆಂದು ಕೈಗಳನ್ನು ಪೆಟ್ರೋಲಿನಲ್ಲೇ ತೊಳೆಯುತ್ತಿದ್ದೆವು. ಟೆಟ್ರಾಈಥೈಲ್ ಸೀಸ ಚರ್ಮದ ಮೂಲಕವೇ ಮೈ ಸೇರುತ್ತದೆಂದು ನಮಗೆ ಹೇಳಿದವರು ಯಾರೂ ಇರಲಿಲ್ಲ. ಅಂದ ಹಾಗೆ, ಹೊಗೆಗಾಗಿ ಎಲ್ಲರೂ ಬೈಯುತ್ತಿದ್ದ ಬಸ್ಸು, ಲಾರಿಗಳ ಡೀಸೆಲ್‌ಗೆ ಸೀಸ ಬೆರೆಸುತ್ತಿರಲಿಲ್ಲ. ಸೀಸ ಉಗುಳಿದ್ದು ನಾವು ಒರೆಸಿ ಹೊಳಪು ಕೊಡುತ್ತಿದ್ದ ಅಂಬಾಸಿಡರ್, ಪದ್ಮಿನಿ ಕಾರುಗಳು ಮತ್ತು ಸ್ಕೂಟರುಗಳು.

2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಾಗ ಗ್ಯಾರೇಜುಗಳಲ್ಲಿ ನಮಗಿದ್ದ ಚಿಂತೆ ಒಂದೇ: ಸೀಸದ ಲೇಪವಿಲ್ಲದೆ ಹಳೆಯ ಕಾರುಗಳ ಎಗ್ಸಾಸ್ಟ್ ವಾಲ್ವಿನ ಸೀಟು, ಅಂದರೆ ಹೊಗೆ ಹೊರಬಿಡುವ ವಾಲ್ವು ಕೂರುವ ಅಂಚು, ಸವೆಯುತ್ತದಲ್ಲ! ಅದುವರೆಗೆ ಉರಿದ ಸೀಸ ಎಲ್ಲಿ ಹೋಯಿತೆಂದು ನಾನಂತೂ ಯೋಚಿಸಲಿಲ್ಲ. ಸೀಸ ಮೂಲಧಾತು, ಕೊಳೆಯುವುದಿಲ್ಲ, ಒಡೆದು ಬೇರೊಂದಾಗುವುದಿಲ್ಲ. ಮಣ್ಣಿನ ಜೇಡಿಗೂ ಸಾವಯವ ಅಂಶಕ್ಕೂ ಅಂಟಿಕೊಂಡು ಮೇಲಿನ ಕೆಲವು ಇಂಚುಗಳಲ್ಲೇ ಉಳಿಯುವುದರಿಂದ, ನಮ್ಮ ಊರಿನ ಮಳೆಯೂ ಅದನ್ನು ಪೂರ್ತಿ ತೊಳೆದುಬಿಡಲಾರದು.

ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಕೃಷಿಭವನದ ಮೂಲಕ ಆಗುವ ಸಾಮಾನ್ಯ ಪರೀಕ್ಷೆ ಹುಳಿತನವನ್ನೂ ಪೋಷಕಾಂಶಗಳನ್ನೂ ಹೇಳುತ್ತದೆಯೇ ಹೊರತು ಸೀಸವನ್ನಲ್ಲ. ಅದಕ್ಕೆ ಮಂಗಳೂರಿನ ಖಾಸಗಿ ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಬೇಕಾಯಿತು. ಸುಟ್ಟ ಮೂಲೆ, ರಸ್ತೆಯ ಅಂಚು, ಬಾವಿಯ ಹಿಂಬದಿ, ಈ ಮೂರು ಕಡೆಯ ಮಣ್ಣಿನಲ್ಲಿ ಮೂಲೆಯದ್ದೇ ಬಹಳ ಮೇಲಿತ್ತು, ಬಾವಿಯ ಕಡೆಯದ್ದು ತೀರ ಕಡಿಮೆ. ಎಲ್ಲವೂ ಪೆಟ್ರೋಲಿನದೇ ಎನ್ನಲಾರೆ; ಒಳಗೆ ಸೀಸದ ಫಲಕಗಳಿರುವ ಹಳೆಯ ಬ್ಯಾಟರಿಗಳನ್ನೂ ನಾನು ಅಲ್ಲೇ ಒಡೆದದ್ದುಂಟು.

ಆ ಮೂಲೆಯನ್ನು ಅಗೆದರೆ ಧೂಳೇಳುತ್ತದೆಂದು ನೀರು ಚಿಮುಕಿಸಿ, ದಪ್ಪ ಶೀಟು ಹಾಸಿ, ಮೇಲೆ ಕಾಂಕ್ರೀಟು ಹಾಕಿಸಿದೆ. ರಸ್ತೆಯ ಕಡೆಗೆ ಕೆಂಪುಕಲ್ಲು ಕಟ್ಟಿ ಒಂದೂವರೆ ಅಡಿ ಎತ್ತರದ ಮಡಿ ಮಾಡಿ, ಗುಡ್ಡದ ಮಣ್ಣು, ಹಟ್ಟಿಗೊಬ್ಬರ ತುಂಬಿಸಿದೆ. ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಸೀಸ ಬೇರಿಗೆ ಸುಲಭವಾಗಿ ಸಿಗುವುದರಿಂದ ಸುತ್ತಲೂ ಸುಣ್ಣ ಹಾಕಿ ಹುಲ್ಲು ಬೆಳೆಯಲು ಬಿಟ್ಟೆ. ಸೊಪ್ಪಿಗೆ ಧೂಳು, ಗೆಡ್ಡೆಗೆ ಮಣ್ಣು ಅಂಟುತ್ತದೆ, ಕಾಯಿಗೆ ಸೀಸ ಸೇರುವುದು ಕಡಿಮೆ. ಹಾಗಾಗಿ ಆ ಮಡಿಯಲ್ಲಿ ಅಲಸಂಡೆ, ಬೆಂಡೆ, ಪಡುವಲ ಮಾತ್ರ. ಬಸಳೆ ಚಪ್ಪರವಿಲ್ಲದ ಹಿತ್ತಿಲನ್ನು ಮನೆಯಾಕೆ ಒಪ್ಪದ ಕಾರಣ ಅದು ಬಾವಿಯ ಹಿಂದಕ್ಕೆ ಹೋಯಿತು.

ಇಷ್ಟು ತಲೆಕೆಡಿಸಿಕೊಂಡದ್ದು ಅಂಬೆಗಾಲಿಡುವ ಮೊಮ್ಮಗನಿಗಾಗಿ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಬಲ್ಲದು, ಅದು ಕೆಡಿಸುವುದು ಬೆಳೆಯುತ್ತಿರುವ ಮಿದುಳನ್ನು. ಆದುದರಿಂದ ಚಪ್ಪಲಿ ಜಗಲಿಯ ಕೆಳಗೇ ಉಳಿಯುತ್ತದೆ, ಮನೆಯ ನೆಲವನ್ನು ಒಣ ಹಿಡಿಸೂಡಿಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ನನ್ನ ರಕ್ತವನ್ನೂ ಪರೀಕ್ಷಿಸಿದಾಗ ಸೀಸ ಕಡಿಮೆಯೇ ಇತ್ತು. ಸಂತೋಷಪಡುವಷ್ಟರಲ್ಲಿ ವೈದ್ಯರು, ರಕ್ತ ಇತ್ತೀಚಿನ ದಿನಗಳ ಕಥೆ ಹೇಳುತ್ತದೆ, ಸುಣ್ಣದಂಶವೆಂದು ಭ್ರಮಿಸಿ ಎಲುಬು ಕೂಡಿಟ್ಟುಕೊಂಡ ಸೀಸ ದಶಕಗಟ್ಟಲೆ ಉಳಿದು, ಮುಪ್ಪಿನಲ್ಲಿ ಎಲುಬು ಸವೆಯುವಾಗ ಮತ್ತೆ ರಕ್ತಕ್ಕೆ ಇಳಿಯಬಹುದು ಎಂದರು.

ಕಳೆದ ವರ್ಷ ಹಳೆಯ ಸ್ಕೂಟರುಗಳ ಹುಚ್ಚಿನ ಯುವಕನೊಬ್ಬ ಎಂಬತ್ತರ ದಶಕದ ಸಿಲೆನ್ಸರೊಂದನ್ನು ತಂದು ಸುಟ್ಟುಕೊಡಬೇಕೆಂದು ಕೇಳಿದ. ಒಳಗಿನ ಮಸಿ ಯಾವ ಕಾಲದ ಪೆಟ್ರೋಲಿನದೋ ತಿಳಿಯದು, ಅದನ್ನು ಸುಡುವುದೂ ಬೇಡ, ತಟ್ಟುವುದೂ ಬೇಡ, ಹೊಸದನ್ನು ಹಾಕಿಸು ಎಂದು ಹೇಳಿ ಕಳುಹಿಸಿದೆ.