ಹಿತ್ತಿಲಲ್ಲಿ ಹಕ್ಕಿ ಗೂಡು: ನೋಡುವುದು ಹೇಗೆ?

ಹಕ್ಕಿಗಳು ನಿಮ್ಮ ಹಿತ್ತಿಲಲ್ಲೇ ಗೂಡು ಕಟ್ಟಬೇಕೇ? ಹಾಗಾದರೆ ಹಿತ್ತಿಲನ್ನು ತೀರಾ ಚೊಕ್ಕಟ ಮಾಡಬೇಡಿ. ದಾಸವಾಳ ಸ್ವಲ್ಪ ಒತ್ತಾಗಿಯೇ ಬೆಳೆಯಲಿ, ಪಿಕಳಾರಕ್ಕೆ (ಬುಲ್‌ಬುಲ್) ಅಂಥ ಪೊದೆ ಬೇಕು. ಸಜ್ಜೆಯ ಕೆಳಗಿನ ಜೇಡರ ಬಲೆಯನ್ನೂ ಗುಡಿಸಬೇಡಿ. ಸೂರಕ್ಕಿ (ಸನ್‌ಬರ್ಡ್) ಗೂಡು ನೇಯುವುದೇ ಅದರಿಂದ. ಕೀಟನಾಶಕವಂತೂ ಬೇಡವೇ ಬೇಡ. ಹೂವಿನ ರಸ ಕುಡಿಯುವ ಸೂರಕ್ಕಿಯೂ ಮರಿಗೆ ಹುಳು ಹಿಡಿದು ತಿನ್ನಿಸುತ್ತದೆ.

ಗಿಡಗಳಲ್ಲಿ ಕೇಪಳ, ನುಗ್ಗೆ, ಬಾಳೆ ಒಳ್ಳೆಯವು. ಜಾಗವಿದ್ದರೆ ಒಂದು ಗಸಗಸೆ ಹಣ್ಣಿನ ಮರ ಇರಲಿ, ಹಣ್ಣು ತಿನ್ನುವ ಕುಟ್ರು ಹಕ್ಕಿ, ಪಿಕಳಾರ ಎಲ್ಲ ಬರುತ್ತವೆ. ಕಾಳು ಚೆಲ್ಲುವುದು ನನಗೆ ಅಷ್ಟು ಹಿಡಿಸದು. ಅದಕ್ಕೆ ಪಾರಿವಾಳ, ಕಾಗೆಗಳೇ ಜಾಸ್ತಿ. ಕಾಗೆ ಬಂದರೆ ಗೂಡಿನ ಮೊಟ್ಟೆಗೂ ಕುತ್ತು, ಅಲ್ವಾ?

ಆಮೇಲೆ ನೀರು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳದಷ್ಟು ನೀರು, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ, ಉಜ್ಜಿ ತುಂಬಿಸಿ. ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಪೊದೆಗೆ ತೀರಾ ಒತ್ತಿ ಇಡಬೇಡಿ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ.

ಇನ್ನು ಗೂಡು ಪತ್ತೆ ಮಾಡುವ ಕೆಲಸ. ಗಿಡ ಸರಿಸಿ ಹುಡುಕಬೇಡಿ. ಬೆಳಿಗ್ಗೆ ಕಿಟಕಿಯ ಬಳಿ ಸುಮ್ನೆ ಕೂತು ಕೊಕ್ಕುಗಳನ್ನು ನೋಡಿ. ನಾರು, ಒಣ ಎಲೆ ಕಚ್ಚಿಕೊಂಡ ಹಕ್ಕಿ ಮತ್ತೆ ಮತ್ತೆ ಒಂದೇ ಕಡೆ ಹೋದರೆ ಗೂಡು ಅಲ್ಲೇ. ಸೂರಕ್ಕಿಯ ಗೂಡು ಕಣ್ಣೆದುರಿಗಿದ್ದರೂ ಗೊತ್ತಾಗುವುದಿಲ್ಲ. ಕೊಂಬೆಗೆ ಸಿಕ್ಕಿಕೊಂಡ ಕಸದಂತೆ ನೇತಾಡುತ್ತದೆ. ಜೇಡರ ಬಲೆ, ತೊಗಟೆ ಚೂರು, ನಾರು ಸೇರಿಸಿ ಅದನ್ನು ಕಟ್ಟುವವಳು ಹೆಚ್ಚಾಗಿ ಹೆಣ್ಣೇ. ಪಕ್ಕದಲ್ಲಿ ಬಾಗಿಲು, ಅದರ ಮೇಲೊಂದು ಪುಟ್ಟ ಮಾಡು. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಎರಡು ವಾರ ಕಾವು.

ಮೊಟ್ಟೆ ಒಡೆಯಿತೇ ಎಂದು ಇಣುಕಬೇಕಿಲ್ಲ. ತಾಯಿ ತಂದೆ ಹುಳು ತರತೊಡಗುತ್ತವೆ. ವಾಪಸು ಹೋಗುವಾಗ ಕೊಕ್ಕಿನಲ್ಲಿ ಬಿಳಿ ಉಂಡೆಯೊಂದು ಕಂಡರೆ ಅದು ಮರಿಗಳ ಹಿಕ್ಕೆ, ದೂರ ಎಸೆಯಲು ಒಯ್ಯುತ್ತವೆ. 8 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಇದ್ದರೆ ಇದೆಲ್ಲ ಕೂತಲ್ಲೇ ಕಾಣುತ್ತದೆ.

ಎಷ್ಟು ದೂರ ಸರಿ? ಹಕ್ಕಿಯೇ ಹೇಳುತ್ತದೆ. ಹುಳು ಕಚ್ಚಿಕೊಂಡು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲಿ ಚಡಪಡಿಸಿದರೆ ನೀವು ತೀರಾ ಹತ್ತಿರ ಇದ್ದೀರಿ, ಹಿಂದೆ ಸರಿಯಿರಿ. ಫೋಟೊ ಚೆನ್ನಾಗಿ ಬರಲಿ ಎಂದು ಅಡ್ಡ ಬಂದ ಎಲೆ ಕೀಳುವವರಿದ್ದಾರೆ. ಕಾಗೆ, ಕೆಂಬೂತಗಳಿಗೆ ದಾರಿ ತೋರಿಸುವ ಕೆಲಸ ಅದು. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಬೇಟೆಯೆಂದೇ ಎಣಿಸುತ್ತದೆ.

ಪಿಕಳಾರದ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ಪುಕ್ಕ ಬಂದ ಮರಿ ನೆಲದಲ್ಲಿ ಸಿಕ್ಕರೆ ಒಳಗೆ ತಂದು ಅನ್ನ ತಿನ್ನಿಸಬೇಡಿ. ಮೆಲ್ಲಗೆ ಎತ್ತಿ ಪೊದೆಯ ಮೇಲಿಟ್ಟು ಬೆಕ್ಕನ್ನು ಒಳಗೆ ಕೂಡಿಹಾಕಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಬರೀ ಮಾತು. ಗೂಡು ಖಾಲಿಯಾದ ಕೂಡಲೇ ಕತ್ತರಿ ಹಿಡಿಯಬೇಡಿ. ಪಿಕಳಾರ ಅದೇ ವರ್ಷ ಇನ್ನೊಮ್ಮೆ ಮೊಟ್ಟೆ ಇಡುವುದುಂಟು. ಪೊದೆ ಸವರುವುದನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ.