ಕಾಂಪೌಂಡ್ ಪಕ್ಕದ ಮೂರಡಿಗೆ ಈ ಸೀಮೆಯ ಗಿಡಗಳು

ಮೈಸೂರಿನ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಗಿಡಕ್ಕೆಂದು ಉಳಿಯುವುದು ಕಾಂಪೌಂಡ್ ಪಕ್ಕದ ಮೂರಡಿ ಪಟ್ಟಿ ಅಷ್ಟೇ. ಅಲ್ಲಿ ಹುಲ್ಲುಹಾಸು ಹಾಕಿದರೆ ಬೇಸಿಗೆಯಿಡೀ ಪೈಪು ಹಿಡಿದು ನಿಲ್ಲಬೇಕು. ಈ ಸೀಮೆಯವೇ ಆದ ಬಂದರಿಕೆ, ತಂಗಡಿ, ಸ್ಫಟಿಕದಂಥ ಪೊದೆಗಿಡಗಳನ್ನು ನೆಟ್ಟರೆ ಎರಡು ವರ್ಷದ ನಂತರ ನೀರಿನ ಗೊಡವೆ ಬಹುಪಾಲು ತಪ್ಪುತ್ತದೆ.

ಗಿಡ ತರುವ ಮೊದಲು ನೆಲ ಅಗೆದು ನೋಡಿ. ಹೊಸ ಮನೆಯ ಗೋಡೆ ಬುಡದಲ್ಲಿ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಹೂತಿರುತ್ತವೆ. ಇವುಗಳ ಸುಣ್ಣದಿಂದ ಮಣ್ಣಿನ ಕ್ಷಾರ ಏರುತ್ತದೆ, ಕಬ್ಬಿಣದಂಶ ಬೇರಿಗೆ ದಕ್ಕುವುದಿಲ್ಲ, ಎಳೆ ಎಲೆ ಹಳದಿಯಾಗುತ್ತದೆ. ಗೊಬ್ಬರ ಸಾಲದೆಂದು ಯೂರಿಯಾ ಸುರಿದರೆ ದುಡ್ಡು ದಂಡ. ಒಂದೂವರೆ ಅಡಿ ಆಳದವರೆಗೆ ಚೂರು ಆರಿಸಿ ತೆಗೆದು, ಕೆಮ್ಮಣ್ಣು ತುಂಬಿಸಿ.

ನೆಡಲು ಜೂನ್ ಒಳ್ಳೆಯದು. ಸೆಪ್ಟೆಂಬರ್–ಅಕ್ಟೋಬರಿನ ಮಳೆಯೂ ಸಿಕ್ಕಿ, ಬೇಸಿಗೆಯ ಹೊತ್ತಿಗೆ ಬೇರು ಇಳಿದಿರುತ್ತದೆ. ಒಂದಡಿ ಉದ್ದ, ಅಗಲ, ಆಳದ ಗುಂಡಿಗೆ ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದಂತೆ. ನರ್ಸರಿಯ ಕವರನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಸುತ್ತಿಕೊಂಡ ಬೇರಿದ್ದರೆ ಬಿಡಿಸಿ, ಇಲ್ಲವಾದರೆ ನೆಲದಲ್ಲೂ ಸುತ್ತುತ್ತಲೇ ಇರುತ್ತದೆ.

ಬೇಲಿಗೆ ಬಂದರಿಕೆ: ಒಂದೂವರೆ ಅಡಿಗೊಂದರಂತೆ ಇಪ್ಪತ್ತು ಅಡಿಗೆ ಹದಿನಾಲ್ಕು ಗಿಡ. ಅದರ ಮುಂದೆ ನೇರಳೆ ಬಣ್ಣದ ಹೂವಿನ ಸ್ಫಟಿಕ. ಮೂಲೆಗೊಂದು ಕರಿಬೇವು. ತಂಗಡಿಯ ತಾಯಿಬೇರು ಕಿತ್ತು ನೆಡುವುದನ್ನು ಸಹಿಸದು, ಬೀಜವನ್ನೇ ಹಾಕಬೇಕು. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ಬಿಡಿ, ಉಬ್ಬಿದ್ದನ್ನಷ್ಟೇ ಬಿತ್ತಿ. ಹೊಂಗೆ, ನೇರಳೆ ಮರ ನಮ್ಮವೇ ಆದರೂ ಮೂರಡಿಗೆ ಆಗಿಬರುವುದಿಲ್ಲ.

ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗಿಡಕ್ಕೆ ಎಂಟು ಲೀಟರ್ ನೀರು, ಎರಡನೆಯದರಲ್ಲಿ ಹದಿನೈದು ದಿನಕ್ಕೊಮ್ಮೆ. ದಿನಾ ಚೊಂಬು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದು ಏಪ್ರಿಲ್ ಬಿಸಿಲಿಗೆ ಸುಡುತ್ತದೆ. ಮೂರು ಇಂಚು ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗದಿರಲಿ.

ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಚಿಟ್ಟೆಯ ಮರಿ. ಔಷಧಿ ಹೊಡೆಯಬೇಡಿ. ಎಲೆ ಬೋಳಾದರೂ ಬಲಿತ ಗಿಡ ಮತ್ತೆ ಚಿಗುರುತ್ತದೆ. ಒಂದಡಿಯ ಸಸಿಯಾದರೆ ಮಾತ್ರ ಹುಳುಗಳನ್ನು ಕೈಯಲ್ಲಿ ತೆಗೆದು ದೊಡ್ಡ ಗಿಡಕ್ಕೆ ಬಿಡಿ.

ಬಂದರಿಕೆ ಎರಡಡಿ ಆದಾಗ ತುದಿ ಚಿವುಟಿದರೆ ಬುಡದಿಂದಲೇ ಕವಲೊಡೆದು ಬೇಲಿ ದಟ್ಟವಾಗುತ್ತದೆ. ಸವರುವ ಕೆಲಸ ಮಳೆಗಾಲದಲ್ಲೇ ಮುಗಿಯಲಿ. ಮಾರ್ಚ್‌ನಲ್ಲಿ ಕತ್ತರಿಸಿದರೆ ಹೊಸ ಚಿಗುರು ಬಿಸಿಲಿಗೆ ಕರಗುತ್ತದೆ.