ವಕೀಲಿಕೆಯಿಂದ ಬಾಕ್ಸಿಂಗ್ ಪ್ರಮೋಟರ್ ಕೆಲಸಕ್ಕೆ: ಬಾಬ್ ಅರಮ್ ದಾರಿ ಹಿಡಿಯುವವರಿಗೆ

ಅಮೆರಿಕದಲ್ಲಿ ಬಾಕ್ಸಿಂಗ್ ಪ್ರಮೋಟರ್ (ಪಂದ್ಯ ಏರ್ಪಡಿಸಿ, ಅದರ ಟಿಕೆಟ್ ಮತ್ತು ಪ್ರಸಾರ ಮಾರುವವರು) ಆಗಬೇಕೆನ್ನುವ ವಕೀಲರು ಮೊದಲು ಕಲಿಯಬೇಕಾದ್ದು ಹಣದ ಜಾಡು ಹಿಡಿಯುವುದನ್ನು. ಟಾಪ್ ರ್‍ಯಾಂಕ್ ಎಂಬ ಪ್ರಮೋಷನ್ ಕಂಪನಿ ಕಟ್ಟಿದ ಬಾಬ್ ಅರಮ್ ಈ ರಂಗಕ್ಕೆ ಬಂದದ್ದೇ ಹಾಗೆ. ಹಾರ್ವರ್ಡ್‌ನಲ್ಲಿ ಕಾನೂನು ಓದಿ, ನ್ಯೂಯಾರ್ಕ್‌ನಲ್ಲಿ ಸರ್ಕಾರಿ ವಕೀಲರಾಗಿ ತೆರಿಗೆ ಪ್ರಕರಣ ನೋಡುತ್ತಿದ್ದ ಅವರ ಮೇಜಿಗೆ 1962ರ ಪ್ಯಾಟರ್ಸನ್–ಲಿಸ್ಟನ್ ಪಂದ್ಯದ ಲೆಕ್ಕ ಬಂತು. ಪಂದ್ಯ ಮೊದಲ ಸುತ್ತಿಗೇ ಮುಗಿದಿತ್ತು. ದೊಡ್ಡ ದುಡ್ಡು ಇದ್ದದ್ದು ಊರೂರಿನ ಥಿಯೇಟರ್‌ಗಳಲ್ಲಿ ಪರದೆ ಮೇಲೆ ನೇರಪ್ರಸಾರ ತೋರಿಸಿ ಮಾರಿದ ಟಿಕೆಟ್‌ನಲ್ಲಿ.

ಹಾಗಾಗಿ ಬಾಕ್ಸರ್‌ನ ಸಹಿ ಪಡೆಯುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಗೇಟ್ ಹಣ (ಟಿಕೆಟ್ ಮಾರಿ ಬಂದದ್ದು), ಪ್ರಸಾರ ಹಕ್ಕು, ವಿದೇಶಿ ಹಕ್ಕು, ಪಂದ್ಯ ತನ್ನಲ್ಲಿ ನಡೆಯಲೆಂದು ಕ್ಯಾಸಿನೊ ಕೊಡುವ ಹಣ, ಪ್ರಾಯೋಜಕರು: ಪ್ರತಿಯೊಂದರ ಮುಂದೆ ಹಣ ಮೊದಲು ಯಾರ ಕೈಗೆ, ಎಷ್ಟು ದಿನಕ್ಕೆ ಬರುತ್ತದೆ ಅಂತ ಬರೆಯಿರಿ. ಬಾಕ್ಸರ್‌ಗೆ ಸಾಮಾನ್ಯವಾಗಿ ಪಂದ್ಯದ ರಾತ್ರಿಯೇ ಚೆಕ್ ಕೊಡಬೇಕು. ಪ್ರಸಾರದ ಹಣ ಬರುವುದು ತಡವಾಗಿ. ಹೊಸಬರು ಮುಳುಗುವುದು ಇಲ್ಲೇ.

ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬಾಕ್ಸಿಂಗ್ ಆಯೋಗ. ಜಾಮೀನು ಬಾಂಡ್ ಇಡಬೇಕು. ಬಾಕ್ಸರ್‌ಗಳ ಹಿತ ಕಾಯಲು ಮಾಡಿದ 2000ದ ಮುಹಮ್ಮದ್ ಅಲಿ ಕಾಯ್ದೆಯನ್ನು ಪೂರ್ತಿ ಓದಿ. ಹತ್ತು ಸುತ್ತಿನ ಮತ್ತು ಅದಕ್ಕೂ ದೊಡ್ಡ ಪಂದ್ಯಗಳಲ್ಲಿ ಪ್ರಮೋಟರ್‌ಗೆ ಬಾಕ್ಸರ್‌ನ ಮ್ಯಾನೇಜರಿಕೆಯಲ್ಲಿ ಪಾಲು ಇರುವಂತಿಲ್ಲ. ಕರಾರಿನ ಪ್ರತಿ ಆಯೋಗಕ್ಕೆ ಸಲ್ಲಿಸಿ, ಬೇರೆ ಗುಟ್ಟಿನ ಒಪ್ಪಂದ ಇಲ್ಲವೆಂದು ಹೇಳಿಕೆ ಕೊಡುವವರೆಗೆ ನಿಮಗೆ ಬಿಡಿಗಾಸೂ ಸಲ್ಲುವುದಿಲ್ಲ.

ಕರಾರು ಎರಡು ಬಗೆ, ಬೆರೆಸಬೇಡಿ. ಪ್ರಮೋಷನ್ ಕರಾರು ವರ್ಷಗಳದ್ದು: ವರ್ಷಕ್ಕೆ ಎಷ್ಟು ಪಂದ್ಯ, ಕನಿಷ್ಠ ಸಂಭಾವನೆ ಎಷ್ಟು. ನಮ್ಮ ವಿಜೇಂದರ್ ಸಿಂಗ್ 2018ರಲ್ಲಿ ಅರಮ್ ಅವರ ಟಾಪ್ ರ್‍ಯಾಂಕ್ ಜತೆ ಮಾಡಿಕೊಂಡದ್ದು ಇಂಥದ್ದು. ಪಂದ್ಯದ ಕರಾರು ಒಂದು ರಾತ್ರಿಯದ್ದು, ಇದರಲ್ಲಿ ಅಳತೆಗಳೇ ಪ್ರಾಣ. 1987ರಲ್ಲಿ ಅರಮ್ ನಡೆಸಿದ ಹ್ಯಾಗ್ಲರ್–ಲೆನರ್ಡ್ ಪಂದ್ಯ ನೋಡಿ. 15ರ ಬದಲು 12 ಸುತ್ತು, 20 ಅಡಿಯ ರಿಂಗ್, 10 ಔನ್ಸ್ ಗ್ಲೌಸ್ ಬೇಕೆಂದು ಲೆನರ್ಡ್ ಕಡೆಯವರು ಪಟ್ಟು ಹಿಡಿದು ಪಡೆದರು. ಓಡಾಡಲು ಜಾಗ, ಮೆತ್ತಗಿನ ಹೊಡೆತ, ಮೂರು ಸುತ್ತು ಕಡಿಮೆ ದಣಿವು. ತೀರ್ಪುಗಾರರಲ್ಲಿ ಒಮ್ಮತ ಇರಲಿಲ್ಲ, ಗೆದ್ದದ್ದು ಲೆನರ್ಡ್. ‘ನಿಯಮದಂತೆ’ ಎಂದಷ್ಟೇ ಬರೆದು ಬಿಡಬೇಡಿ. ಅಡಿ, ಔನ್ಸ್, ತೂಕ, ತೂಕ ನೋಡುವ ಸಮಯ ಎಲ್ಲವನ್ನೂ ಅಂಕಿಯಲ್ಲಿ ಹಾಕಿ.

ಸ್ಥಳ ಮತ್ತು ಎದುರಾಳಿ ಬದಲಾದರೆ ಏನು ಎಂಬ ಷರತ್ತೂ ಬೇಕೇ ಬೇಕು. ಅರಮ್ ನಡೆಸಿದ ಮೊದಲ ಪಂದ್ಯವೇ ಇದಕ್ಕೆ ಸಾಕ್ಷಿ. 1966ರಲ್ಲಿ ಅಲಿ–ಟೆರೆಲ್ ಪಂದ್ಯ ಷಿಕಾಗೊದಲ್ಲಿ ಆಗಬೇಕಿತ್ತು. ವಿಯೆಟ್ನಾಂ ಯುದ್ಧದ ಬಗ್ಗೆ ಅಲಿ ಆಡಿದ ಮಾತಿಗೆ ಇಲಿನಾಯ್ ಬಾಗಿಲು ಮುಚ್ಚಿತು, ಬೇರೆ ಊರುಗಳೂ ಒಲ್ಲೆವೆಂದವು, ಟೆರೆಲ್ ಹಿಂದೆ ಸರಿದರು. ಮಾರ್ಚ್ 29ರಂದು ಟೊರಾಂಟೊದಲ್ಲಿ ಅಲಿ ಎದುರು ನಿಂತದ್ದು ಜಾರ್ಜ್ ಚುವಾಲೊ.

ಪಂದ್ಯದ ದಿನ ಡ್ರೆಸ್ಸಿಂಗ್ ರೂಮಿನಲ್ಲಿರಿ. ಕೈಗೆ ಗಾಜ್ ಬಟ್ಟೆಯ ಪಟ್ಟಿ ಸುತ್ತುವಾಗ ಎದುರಾಳಿಯ ಕಡೆಯವರೊಬ್ಬರು ಪಕ್ಕದಲ್ಲೇ ನಿಂತು ನೋಡಬೇಕು, ಮುಗಿದ ಪಟ್ಟಿಯ ಮೇಲೆ ಆಯೋಗದ ಇನ್‌ಸ್ಪೆಕ್ಟರ್ ಪೆನ್ನಿನಿಂದ ಸಹಿ ಹಾಕಬೇಕು, ಗ್ಲೌಸ್ ಆಮೇಲೆ. 2009ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೋಸ್ಲಿ ಎದುರಿನ ಪಂದ್ಯಕ್ಕೆ ಮುಂಚೆ ಮಾರ್ಗರಿಟೊ ಕೈಪಟ್ಟಿಯಲ್ಲಿ, ಬೆರಳ ಗೆಣ್ಣಿನ ಮೇಲಿನ ಮೆತ್ತೆ ಗಟ್ಟಿಯಾಗಿದೆ ಎಂದು ಹಿಡಿದದ್ದು ಹೀಗೆ ನೋಡುತ್ತಿದ್ದ ಎದುರಾಳಿಯ ತರಬೇತುದಾರ. ಕ್ಯಾಲಿಫೋರ್ನಿಯಾ ಆಯೋಗ ಮಾರ್ಗರಿಟೊ ಲೈಸೆನ್ಸ್ ರದ್ದು ಮಾಡಿತು. ಆಗ ಅವರು ಟಾಪ್ ರ್‍ಯಾಂಕ್ ಬಾಕ್ಸರೇ. ನಿಮ್ಮ ಹುಡುಗನ ಪಟ್ಟಿಯನ್ನೂ ಅದೇ ಕಣ್ಣಿನಿಂದ ನೋಡಿ.

ಇನ್ನು ಆಂಬುಲೆನ್ಸ್. ರಿಂಗ್ ಪಕ್ಕ ವೈದ್ಯರು ಇರಲೇಬೇಕು, ಪ್ರತಿ ಬಾಕ್ಸರ್‌ಗೂ ಆರೋಗ್ಯ ವಿಮೆ ಇರಬೇಕು. ಇದು ಫೆಡರಲ್ ಕಾನೂನು. ಆಂಬುಲೆನ್ಸ್ ಒಂದೇ ಇದ್ದು, ಎರಡನೇ ಪಂದ್ಯದಲ್ಲೇ ಏಟು ತಿಂದವನನ್ನು ಕರೆದೊಯ್ದರೆ, ಇನ್ನೊಂದು ಬರುವವರೆಗೆ ರಿಂಗ್ ಖಾಲಿ, ಪ್ರಸಾರದ ಗಡಿಯಾರ ಮಾತ್ರ ಓಡುತ್ತಿರುತ್ತದೆ. ಎರಡು ಗಾಡಿ ಗೊತ್ತು ಮಾಡಿ, ಎರಡನೆಯದರ ಚಾಲಕನ ನಂಬರ್ ಜೇಬಿನಲ್ಲಿರಲಿ.